ಅವ್ವನ ಕಾಲಡಿಯ ಕೆರೆ

ನಮ್ಮ ಅವ್ವನಿಗೆ ಮಧ್ಯಾಹ್ನದ ಹೊತ್ತು ಕೆರೆ ಬರುತ್ತಿತ್ತು.

ಮನೆಯಲ್ಲಿ ನಾವು ಹೇಳುತ್ತಿದ್ದದ್ದು ಹಾಗೆಯೇ. ಅರಸೀಕೆರೆಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಪುಟ್ಟ ಮನೆ ನಮ್ಮದು. ಕೆಂಪು ಗಾರೆಯ ನೆಲ, ಹಿತ್ತಿಲ ಬಾಗಿಲು ತೆಗೆದರೆ ಲೋಕೋ ಶೆಡ್ಡಿನ ಹೊಗೆ. ಅಂಥ ಮನೆಯೊಳಗೆ ಹಳೇಬೀಡಿನ ಕೆರೆ ಬಂದು ತುಂಬಿಕೊಳ್ಳುತ್ತಿತ್ತು ಎಂದರೆ ನೀವು ನಗಬಹುದು. ನಗಿ, ನನಗೇನೂ ಬೇಸರವಿಲ್ಲ. ನಾನು ಅದರ ದಡದಲ್ಲಿ ಮಲಗಿ ಬೆಳೆದವಳು.

ಅಡುಗೆ ಮುಗಿಸಿ ಒಲೆಯ ಮುಂದಿನಿಂದ ಎದ್ದವಳು ಗಕ್ಕನೆ ಗೋಡೆ ಹಿಡಿದು ನಿಂತುಬಿಡುತ್ತಿದ್ದಳು. ಕಣ್ಣು ಅರ್ಧ ಮುಚ್ಚಿರುತ್ತಿತ್ತು. ತುಟಿಯ ಬಣ್ಣ ಎಲ್ಲಿಗೋ ಹೋಗಿರುತ್ತಿತ್ತು. "ತಡಿಯೇ, ಕೆರೆ ಬಂತು" ಎನ್ನುತ್ತಿದ್ದಳು. ನಾನು ಓಡಿಹೋಗಿ ಚಾಪೆ ಬಿಡಿಸುತ್ತಿದ್ದೆ. ಮಲಗಿದ ಮೇಲೆ ಒಂದು ಅಂಗೈಯನ್ನು ನೆಲಕ್ಕೆ ಊರಿಕೊಂಡು, ತೇಲಿಹೋಗಬಾರದೆಂದು ಹಿಡಿದುಕೊಂಡವಳ ಹಾಗೆ, ಮೆಲ್ಲಗೆ ಮಾತು ತೆಗೆಯುತ್ತಿದ್ದಳು.

"ನೆಲ ಎಲ್ಲ ನೀರಾಗೈತೆ ಕಣೇ. ಆಚೆ ದಡ ಮೇಲಕ್ಕೇಳ್ತೈತೆ, ಇಳೀತೈತೆ. ನೋಡಲ್ಲಿ, ಎಮ್ಮೆ ಬೆನ್ನ ಮೇಲೆ ಬೆಳ್ಳಕ್ಕಿ ಕೂತೈತೆ."

ಶಾಲೆಯಿಂದ ಊಟಕ್ಕೆ ಬಂದ ನಾನೂ ಪಕ್ಕದಲ್ಲಿ ಮಲಗಿ ನೋಡುತ್ತಿದ್ದೆ. ಆಗ ನನಗೆ ಹನ್ನೊಂದೋ ಹನ್ನೆರಡೋ ವಯಸ್ಸು. ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ತಮ್ಮ ಇನ್ನೂ ಶಾಲೆಗೆ ಹೋಗದ ಕೂಸು, ಅವನು ಅವ್ವನ ಇನ್ನೊಂದು ಮಗ್ಗುಲಲ್ಲಿ ನಿದ್ದೆ ಹೋಗಿರುತ್ತಿದ್ದ. ಹೊರಗೆ ಎಲ್ಲೋ ವ್ಯಾಗನ್ನುಗಳು ಒಂದಕ್ಕೊಂದು ತಾಗಿ ಸದ್ದಾದರೆ ಅವ್ವ ಅದನ್ನು ಬಟ್ಟೆ ಒಗೆಯುವ ಸದ್ದು ಮಾಡಿಬಿಡುತ್ತಿದ್ದಳು. ಇಂಜಿನ್ನು ಉಗಿ ಬಿಟ್ಟರೆ ಅದು ಕೋಡಿಯ ನೀರು. ದಿನವೆಲ್ಲ ನಿಂತೇ ಇರುತ್ತಿದ್ದ ಅವ್ವ ನನ್ನ ಪಾಲಿಗೆ ಮಲಗಿ ಸಿಗುತ್ತಿದ್ದ ಹೊತ್ತು ಅದೊಂದೇ. ಕೆರೆ ಎಂದರೆ ನನಗೆ ಪ್ರಾಣ.

ಅವ್ವನ ತವರು ಹಳೇಬೀಡು. ಅಲ್ಲಿ ಕೆರೆಯ ಹತ್ತಿರದ ಬೀದಿಯಲ್ಲಿ ನಮ್ಮ ಅಜ್ಜಿ, ಎಂದರೆ ಅವ್ವನ ತಾಯಿ, ತನ್ನ ತಂಗಿಯ ಜೊತೆ ಇದ್ದಳು. ಇಬ್ಬರೂ ಗಂಡನನ್ನು ಕಳೆದುಕೊಂಡವರು. ಒಂದು ಎಮ್ಮೆ ಕಟ್ಟಿ ಹೋಟೆಲಿಗೆ ಹಾಲು ಕೊಡುತ್ತಿದ್ದರು. "ನಮ್ಮವ್ವಂಗೂ ಹಿಂಗೇ ಆಗೋದು. ನಮ್ಮನೆ ಹೆಣ್ಮಕ್ಕಳಿಗೆಲ್ಲ ಇದು ಬಂದೇ ಬತ್ತೈತೆ" ಎಂದು ಅವ್ವ ಹೇಳುತ್ತಿದ್ದಳು. ಮೂಗುತಿಯ ಜೊತೆ ಇದೂ ಒಂದು ಬಳುವಳಿ ಎನ್ನುವ ಧಾಟಿ. ನನಗೂ ಯಾವಾಗಲಾದರೂ ಬರುತ್ತದಲ್ಲ ಎಂದು ನಾನು ಆಸೆಯಿಂದ ಕಾಯುತ್ತಿದ್ದೆ.

ಅಪ್ಪ ಇಂಜಿನ್ ಡ್ರೈವರ್. ಬಾಣಾವರ ದಾಟಿ ಬೀರೂರಿನ ಕಡೆಗೆ ಗಾಡಿ ಕೊಂಡೊಯ್ಯುತ್ತಿದ್ದರು. ಎತ್ತರದ ಆಳು, ದಪ್ಪ ಮೀಸೆ, ಮೈಯೆಲ್ಲ ಕಲ್ಲಿದ್ದಲಿನ ವಾಸನೆ. ವಾಪಸು ಬರುವಾಗ ಕ್ವಾರ್ಟರ್ಸಿನ ಹಿಂದೆ ಒಂದು ಗಿಡ್ಡ ಸೀಟಿ ಹೊಡೆಯುತ್ತಿದ್ದರು. ಅದು ಕೇಳಿದ ತಕ್ಷಣ ಅವ್ವ ಎದ್ದು ಹಂಡೆಯ ಒಲೆಗೆ ಸೌದೆ ತಳ್ಳುತ್ತಿದ್ದಳು. ಅಪ್ಪ ಕಾಲಿಡುವ ಹೊತ್ತಿಗೆ ಮನೆಯೊಳಗೆ ಕೆರೆಯ ಗುರುತೇ ಇರುತ್ತಿರಲಿಲ್ಲ. ಹಾಗಾಗಿ ಅವರು ಅದನ್ನು ಕಿವಿಯಲ್ಲಿ ಕೇಳಿದ್ದರೇ ಹೊರತು ಕಣ್ಣಲ್ಲಿ ನೋಡಿರಲಿಲ್ಲ.

ರೈಲ್ವೆಯವರಿಗೆ ಆಸ್ಪತ್ರೆ ಬಿಟ್ಟಿ ಎಂದು ಊರಿನವರಿಗೆ ಹೊಟ್ಟೆಕಿಚ್ಚು. ಡಾಕ್ಟರು, ಕಾಂಪೌಂಡರು, ಔಷಧಿ ಎಲ್ಲ ಸರ್ಕಾರದ್ದು. ನಾವು ಕೊಂಡೊಯ್ಯಬೇಕಾದದ್ದು ತೊಳೆದ ಬಾಟಲಿ ಮಾತ್ರ. ಕಾಂಪೌಂಡರು ಅದಕ್ಕೆ ಮಿಕ್ಸ್ಚರ್ ತುಂಬಿ, ಅಂಚು ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಿ, ಒಂದು ಹೊತ್ತಿಗೆ ಎಷ್ಟು ಕುಡಿಯಬೇಕೆಂದು ತೋರಿಸಿ ಕೊಡುತ್ತಿದ್ದರು. ಆದರೆ ಆ ಕಿಟಕಿಯ ಮುಂದೆ ನಿಂತವರಿಗೆಲ್ಲ ಮೊದಲು ಒಂದು ಪ್ರಶ್ನೆ ಇತ್ತು: "ಯಾರ ಫ್ಯಾಮಿಲಿ?"

ಇದಕ್ಕೆ ನೌಕರನ ಹೆಸರು ಹೇಳಬೇಕು. ನೌಕರ ಎಂದರೆ ಗಂಡ. ಗಂಡನ ಹೆಸರನ್ನು ನಮ್ಮ ಕ್ವಾರ್ಟರ್ಸ್ ಲೈನಿನ ಯಾವ ಹೆಂಗಸೂ ಬಾಯಿಂದ ಆಡುವ ಹಾಗಿರಲಿಲ್ಲ. ಆಡಿದರೆ ಅವನ ಆಯಸ್ಸು ಕಮ್ಮಿಯಾಗುತ್ತದೆ ಎಂಬ ಭಯ. ಜ್ವರ ಬಂದು ನಡುಗುತ್ತಾ ಬಂದ ಹೆಂಗಸು ಕಿಟಕಿಯ ಮುಂದೆ ತುಟಿ ಬಿಗಿದು ನಿಲ್ಲುವುದನ್ನು ನಾನು ಎಷ್ಟು ಸಲ ನೋಡಿದ್ದೇನೋ! ಪಕ್ಕದ ಮನೆಯಾಕೆ ಹೆಸರು ಹೇಳಲಾರದೆ ಊರಾಚೆಯ ಮಾಲೇಕಲ್ಲಿನ ದೇವರಬೆಟ್ಟದ ಕಡೆಗೆ ಕೈ ತೋರಿಸಿ, "ಆ ಸಾಮಿ ಹೆಸರೇ ನಮ್ಮನೇರ್ದು" ಎಂದು ಕೈ ಮುಗಿಯುತ್ತಿದ್ದಳು. "ಆ ಸ್ವಾಮಿ ಹೆಸರಿನೋರು ಈ ಸ್ಟೇಷನ್ನಲ್ಲಿ ಬೇಕಾದಷ್ಟು ಜನ ಇದಾರಮ್ಮ. ಯಾರು, ಪೋರ್ಟರಾ, ಫೈರ್‌ಮನ್ನಾ?" ಎಂದು ಕಾಂಪೌಂಡರು ಗದರುತ್ತಿದ್ದರು. ಅದಕ್ಕೇ ಹೆಂಗಸರು ಆಸ್ಪತ್ರೆಗೆ ಹೊರಟರೆ ಸೊಂಟದಲ್ಲೋ ಕೈಯಲ್ಲೋ ಒಂದು ಮಗು ಇರಲೇಬೇಕು. ಹೆಸರು ಹೇಳುವುದಕ್ಕೆ. ಮಗು ಶಾಲೆಗೆ ಹೋಗಿದ್ದರೆ ಆ ದಿನ ಕಾಯಿಲೆಯೂ ಕಾಯಬೇಕು. ಸರ್ಕಾರ ಇಷ್ಟೆಲ್ಲ ಬಿಟ್ಟಿ ಕೊಟ್ಟು, ಅದರ ಬಾಗಿಲಲ್ಲಿ ಹೆಂಗಸರು ದಾಟಲಾರದ ಒಂದು ಹೊಸಿಲು ಇಟ್ಟಿತ್ತು ನೋಡಿ. ಬೇಕೆಂದೇ ಇಟ್ಟದ್ದಲ್ಲ. ಅವರಿಗೆ ಅದು ಹೊಸಿಲೆಂದೇ ಗೊತ್ತಿರಲಿಲ್ಲ.

ಇದರ ಮೇಲೆ ಇನ್ನೊಂದು ನಂಬಿಕೆ. ಸ್ಟಾಫ್ ಬಾಟಲಿ ಬೇರೆ, ಫ್ಯಾಮಿಲಿ ಬಾಟಲಿ ಬೇರೆ ಎಂದು ಲೈನಿಗೆ ಲೈನೇ ನಂಬಿತ್ತು. ರೈಲು ನಿಲ್ಲಬಾರದಲ್ಲ, ಅದಕ್ಕೆ ನೌಕರರಿಗೆ ಗಟ್ಟಿ ಔಷಧಿಯಂತೆ. ಹೆಂಗಸರು ಮಕ್ಕಳಿಗೆ ಅದಕ್ಕೇ ನೀರು ಬೆರೆಸಿ ಕೊಡುತ್ತಾರಂತೆ. ಯಾರು ಹುಟ್ಟಿಸಿದ ಸುದ್ದಿಯೋ, ಅಪ್ಪನಂಥ ಅಪ್ಪನೇ ಅದನ್ನು ದೇವರ ಮಾತಿನಂತೆ ನಂಬಿದ್ದರು.

ಅವ್ವನ ಕೆರೆ ವಾರಕ್ಕೊಮ್ಮೆ ಬರುತ್ತಿದ್ದದ್ದು ದಿನಾ ಬರತೊಡಗಿದಾಗ ಅಪ್ಪನಿಗೂ ಕಳವಳವಾಯಿತು. "ನಡಿಯೇ ಆಸ್ಪತ್ರೆಗೆ" ಎಂದರು. ಅವ್ವ ಬಗ್ಗಲಿಲ್ಲ. ಗಂಡಸು ಡಾಕ್ಟರು ಕೈ ಹಿಡಿದು ನೋಡುವುದೇ? ಎದೆಗೆ ಆ ಕೊಳವೆ ಇಡುವುದೇ? ಕೊನೆಗೆ ಡ್ಯೂಟಿ ಮುಗಿಸಿ ಬರುತ್ತಾ ಅಪ್ಪನೇ ಹೋದರು. ಹೆಂಡತಿಯ ಕಾಯಿಲೆ ಎಂದು ಹೇಳುವುದಕ್ಕೇ ಹೋದದ್ದು. ಆದರೆ ಬೆಂಚಿನ ಮೇಲೆ ಫೈರ್‌ಮನ್ನು, ಗಾರ್ಡು, ಪಾಯಿಂಟ್ಸ್‌ಮನ್ನು ಎಲ್ಲ ಸಾಲಾಗಿ ಕೂತಿದ್ದಾರೆ. ಅವರ ಕಿವಿಗೆ ಬೀಳುವಂತೆ ಮನೆಯವಳ ವಿಷಯ ಹೇಗೆ ಎತ್ತುವುದು? "ಏನ್ರೀ ಡ್ರೈವರೇ?" ಎಂದು ಡಾಕ್ಟರು ಕೇಳಿದ್ದೇ ತಡ, ಅಪ್ಪನ ಬಾಯಿಂದ "ನಂಗೆ ತಲೆ ತಿರುಗ್ತೈತೆ ಸಾರ್" ಎಂದು ಬಂದುಬಿಟ್ಟಿತು.

ಬಾಟಲಿ ಸಿಕ್ಕಿತು. ಸ್ಟಾಫ್ ಬಾಟಲಿ! ಅಪ್ಪನಿಗೆ ಗೆದ್ದು ಬಂದಷ್ಟು ಖುಷಿ. "ತಗೋ, ಗಟ್ಟಿ ಔಸ್ದಿ. ಇಂಜಿನ್ ಓಡ್ಸೋರಿಗೆ ಕೊಡೋದು" ಎಂದು ಅವ್ವನ ಮುಂದೆ ಇಟ್ಟರು. ಅವ್ವ ಮೂಗು ಮುಚ್ಚಿಕೊಂಡು ಕುಡಿದಳು. ಕೆರೆ ಇಳಿಯಲಿಲ್ಲ. ಅಪ್ಪ ಮತ್ತೆ ಹೋದರು, ಮತ್ತೆ ತಂದರು. ಅಪ್ಪನ ತಲೆಸುತ್ತಿಗೆಂದು ಕೊಟ್ಟದ್ದನ್ನು ಅವ್ವ ಮಳೆಗಾಲವೆಲ್ಲ ಕುಡಿದಳು. ಈಗ ನೆನೆದರೆ ನನಗೆ ನಗುವೂ ಬರುತ್ತದೆ, ಮೈಯೂ ಉರಿಯುತ್ತದೆ.

ಡಾಕ್ಟರು ಮೈಸೂರಿನ ಕಡೆಯವರು. ನಡುವಯಸ್ಸು ದಾಟಿದವರು, ಮುಂಗೋಪಿ, ಆದರೆ ಕೆಲಸದಲ್ಲಿ ನಿಗಾ ಇದ್ದವರು. ಒಂದು ದಿನ ಅವರು ಕೇಳಿದರು, "ತಿರುಗುತ್ತೆ ತಿರುಗುತ್ತೆ ಅಂತೀರಲ್ಲ, ಹೇಗೆ ತಿರುಗುತ್ತೆ, ಬಿಡಿಸಿ ಹೇಳಿ." ಅಪ್ಪನಿಗೆ ತಲೆ ತಿರುಗಿದ್ದರಲ್ಲವೇ ಹೇಳುವುದು? ಅವ್ವ ಹೇಳುತ್ತಿದ್ದದ್ದನ್ನೇ ಒಪ್ಪಿಸಿದರು. ಕೆರೆ ಬರುತ್ತದೆ, ಕಾಲಡಿಯ ನೆಲ ನೀರಾಗುತ್ತದೆ, ಆಚೆ ದಡ ಮೇಲೇಳುತ್ತದೆ, ಇಳಿಯುತ್ತದೆ, ಕಣ್ಣು ಕತ್ತಲೆಯಾಗಿ ಬೆಳ್ಳಗೆ ಏನೋ ಹಾರುತ್ತದೆ.

ಡಾಕ್ಟರು ಪೆನ್ನು ಕೆಳಗಿಟ್ಟರಂತೆ. "ನೀವು ಇಂಜಿನ್ ಮೇಲೆ ನಿಲ್ಲೋ ಮನುಷ್ಯರು. ಹಿಂದೆ ಗಾಡಿ ತುಂಬ ಜನ."

"ಇಂಜಿನ್ ಮೇಲೆ ಏನೂ ಆಗಲ್ಲ ಸಾರ್. ಮನೇಲಿ ಮಾತ್ರ."

"ತಲೆಸುತ್ತಿಗೆ ಮನೆ ಯಾವುದು ಇಂಜಿನ್ ಯಾವುದು ಗೊತ್ತಾಗುತ್ತೇನ್ರೀ?"

ಅಲ್ಲಿಗೆ ಅಪ್ಪ ಸಿಕ್ ಲಿಸ್ಟ್ ಸೇರಿದರು, ಎಂದರೆ ಗುಣವಾಗುವವರೆಗೆ ಡ್ಯೂಟಿಯಿಲ್ಲ. ಡಾಕ್ಟರು, ನಿಮ್ಮನ್ನು ದೊಡ್ಡ ಆಸ್ಪತ್ರೆಗೆ ಕಳಿಸುತ್ತೇನೆ, ಅಲ್ಲಿನ ಡಾಕ್ಟರುಗಳು ಕೂತು ನೋಡಿ ಅನ್‌ಫಿಟ್ ಎಂದು ಬರೆದರೆ ಇನ್ನು ಮೇಲೆ ಶೆಡ್ಡಿನಲ್ಲಿ ಒರೆಸುವ ಕೆಲಸ, ಇಂಜಿನ್ನಿನ ಹ್ಯಾಂಡಲ್ ಮುಟ್ಟುವ ಹಾಗಿಲ್ಲ ಎಂದರು. ಅಪ್ಪ ಬೆವರಿ ನಿಜ ಬಾಯಿಬಿಟ್ಟರು. ನನಗಲ್ಲ ಸಾರ್, ನನ್ನ ಹೆಂಡತಿಗೆ. ಡಾಕ್ಟರು ನಂಬಲಿಲ್ಲ. ಅವರನ್ನು ನಾನು ಬೈಯಲಾರೆ. ಸಿಕ್ ಲಿಸ್ಟಿಗೆ ಹಾಕಿದ ಮೇಲೆ ಯಾವ ಡ್ರೈವರು ತಾನೇ ನನಗೆ ಕಾಯಿಲೆ ಇದೆ ಎನ್ನುತ್ತಾನೆ? "ಹಾಗಿದ್ದರೆ ಅವರೇ ಬಂದು ಹೇಳಲಿ" ಎಂದುಬಿಟ್ಟರು.

ಅಪ್ಪ ಹೊತ್ತಲ್ಲದ ಹೊತ್ತಿನಲ್ಲಿ, ಸೀಟಿಯೂ ಇಲ್ಲದೆ ಮನೆಗೆ ಬಂದರು. ಟೋಪಿ ತೆಗೆದು ಗೂಟಕ್ಕೆ ಸಿಕ್ಕಿಸಿ ಕೂತರು. "ನಿನ್ನ ಕೆರೆಯಾಗೆ ನಾನು ಮುಳುಗ್ದೆ ಕಣೇ" ಎಂದರು.

ಆಮೇಲಿನ ದಿನಗಳು ನನಗೆ ಈಗಲೂ ಕನಸಿನ ಹಾಗೆಯೇ ನೆನಪಿವೆ. ಅಪ್ಪ ಹಗಲೆಲ್ಲ ಮನೆಯಲ್ಲಿ! ಬಾಗಿಲ ಬೆಳಕಿನ ಚೌಕ ನೆಲದ ಮೇಲೆ ನಿಧಾನವಾಗಿ ಸರಿಯುತ್ತಿತ್ತು. ಅದರ ಅಂಚಿನಲ್ಲಿ ಅಪ್ಪನ ದೊಡ್ಡ ಪಾದಗಳು, ಎಲ್ಲಿಗೂ ಹೋಗಬೇಕಿಲ್ಲದ ಪಾದಗಳು. ಯಾವುದಾದರೂ ಗಾಡಿ ಹಾದುಹೋದರೆ ತಲೆಯೆತ್ತಿ, ಬೇರೆಯವನು ಹೊಡೆದ ಸೀಟಿಯನ್ನು ಕೇಳಿಸಿಕೊಳ್ಳುತ್ತಿದ್ದರು. ಆ ಮುಖ ನೋಡಲಾರದೆ ನಾನು ಹಿತ್ತಿಲಿಗೆ ಹೋಗುತ್ತಿದ್ದೆ.

ಮೊದಲನೆಯ ಮಧ್ಯಾಹ್ನವೇ ಕೆರೆ ಬಂತು. ಅವ್ವ ಒಲೆಯ ಮುಂದಿನಿಂದ ಎದ್ದಳು, ಗೋಡೆಗೆ ಕೈ ಚಾಚಿದಳು. ಗೋಡೆ ಕೈಗೆ ಸಿಗಲಿಲ್ಲ. ಅಪ್ಪ ಹಾರಿ ಹಿಡಿದುಕೊಂಡರು. ನಾನು ಅಭ್ಯಾಸದಂತೆ ಚಾಪೆ ಹಾಸಿದೆ. "ಬೆಳ್ಳಕ್ಕಿ ಬಂತಾ ಅವ್ವ?" ಎಂದು ಕೇಳಿದೆ. ಅಪ್ಪ ನನ್ನ ಮುಖವನ್ನೂ ಅವ್ವನ ಮುಖವನ್ನೂ ನೋಡಿದರು.

"ದಿನಾ ಹಿಂಗೇನಾ?"

"ದಿನಾ" ಎಂದೆ ನಾನು, ಹೆಮ್ಮೆಯಿಂದ.

ಅಪ್ಪ ಚಾಪೆಯ ಪಕ್ಕದಲ್ಲಿ ಕೂತು, ನೆಲಕ್ಕೆ ಊರಿದ್ದ ಅವ್ವನ ಕೈಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡರು. ಅಪ್ಪ ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅದನ್ನು ನೋಡಿದ ಮೇಲೆ ನನಗೆ ಕೆರೆಯ ಭಯ ಹತ್ತಿತು. ಅದುವರೆಗೆ ನಾನು ದಡದಲ್ಲಿದ್ದೆ. ಅವ್ವ ಮಾತ್ರ ನೀರೊಳಗಿದ್ದಳು ಎನ್ನುವುದು ಆಗ ಹೊಳೆಯಿತು.

ಅಪ್ಪ ಕೆಲಸದ ಮಾತು ಬಿಟ್ಟೇಬಿಟ್ಟರು. "ಇಂಜಿನ್ ಹೋದ್ರೆ ಹೋಗ್ಲಿ, ನೀನು ಬಾರೇ. ನಿನ್ನ ತೋರಿಸ್ಬೇಕು" ಎಂದು ಗೋಗರೆದರು. ಅವ್ವ ಗೋಡೆಯ ಕಡೆ ತಿರುಗಿ ಮಲಗಿದಳು. ನನಗೇನೂ ಆಗಿಲ್ಲ, ಕೆರೆ ಬರುತ್ತೆ ಹೋಗುತ್ತೆ ಎಂದಳು. ಹೀಗೇ ಕೆಲವು ದಿನ ಹಗ್ಗಜಗ್ಗಾಟ. ಒಂದು ಬೆಳಿಗ್ಗೆ ಅಪ್ಪ ತಮ್ಮ ಡ್ಯೂಟಿಯ ಕೋಟನ್ನು ಮಡಿಚಿ ಪೆಟ್ಟಿಗೆಯೊಳಗೆ ಇಡುವುದನ್ನು ಅವ್ವ ಕಂಡಳು. ಅಡುಗೆ ಮುಗಿಸಿ, ತಲೆ ಬಾಚಿ, ಮಡಿ ಸೀರೆ ಉಟ್ಟು, "ನಡಿಯೇ, ಹೆಸರು ಹೇಳೀಯಂತೆ" ಎಂದು ನನ್ನ ಕೈ ಹಿಡಿದಳು. ಅಪ್ಪ ಕರೆದದ್ದು ಅವಳಿಗಾಗಿ. ಅವಳು ಹೊರಟದ್ದು ಅಪ್ಪನಿಗಾಗಿ.

ದಾರಿಯುದ್ದಕ್ಕೂ ಅವಳು ನನ್ನ ಭುಜ ಹಿಡಿದೇ ನಡೆದಳು. ತಮ್ಮನನ್ನು ಎತ್ತಿಕೊಂಡು ಅಪ್ಪ ಹಿಂದೆ ಬಂದರು. ಕಿಟಕಿಯಲ್ಲಿ ನಾನು ಅಪ್ಪನ ಹೆಸರು ಹೇಳಿದೆ. ಗಂಡಸರ ಬೆಂಚಿನ ಮೇಲೆ ಅಪ್ಪ ಕೂತರು. ನಾವಿಬ್ಬರು ಒಳಗೆ ಹೋದೆವು.

ಡಾಕ್ಟರು ತಲೆಯೆತ್ತಲಿಲ್ಲ. "ಡ್ರೈವರು ಹೇಳಿಕೊಟ್ಟು ಕಳಿಸಿದಾರೋ?"

"ನಮ್ಮಪ್ಪನಿಗೆ..." ಎಂದು ನಾನು ಶುರುಮಾಡಿದೆ.

"ನೀನು ಸುಮ್ಮನಿರು. ಅವರೇ ಹೇಳಲಿ. ಹೇಳಮ್ಮ, ತಲೆಸುತ್ತು ಯಾರಿಗೆ?"

ಅವ್ವ ಸೆರಗನ್ನು ಬೆರಳಿಗೆ ಸುತ್ತಿಕೊಂಡಳು. "ಅವ್ರಿಗಲ್ಲ ಸ್ವಾಮಿ."

"ಅವರು ಅಂದ್ರೆ?"

"ಅವ್ರೇ. ನಮ್ಮನೇರು."

"ಅವರಿಗೆ ಇವರಿಗೆ ಅಂದ್ರೆ ನಾನು ಏನು ಬರ್ಕೊಳ್ಳಲಿ? ನಾಳೆ ಇಂಜಿನ್ ಮೇಲೆ ಏನಾದ್ರೂ ಆದರೆ ನನ್ನ ತಲೆಗೆ ಬರುತ್ತೆ. ಹೆಸರು ಹಿಡಿದು ಹೇಳಿ. ಯಾರಿಗೆ ಇದೆ, ಯಾರಿಗೆ ಇಲ್ಲ."

ಕೋಣೆಯಲ್ಲಿ ಸ್ಪಿರಿಟ್ಟಿನ ವಾಸನೆ. ಕಿಟಕಿಯ ಹೊರಗೆ ಬೇವಿನ ಮರದ ನೆರಳು ಅಲುಗುತ್ತಿತ್ತು, ಅದು ಒಳಗಿನ ಗೋಡೆಯ ಮೇಲೂ ಅಲುಗುತ್ತಿತ್ತು. ಅವ್ವನ ಕಣ್ಣು ಅದರ ಮೇಲೇ ನಿಂತಿತು. ಇಲ್ಲೂ ಕೆರೆ ಬಂತೇನೋ ಎಂದು ನಾನು ಹೆದರಿ ಅವಳ ಸೊಂಟ ಹಿಡಿದೆ. ಅವಳು ಬೆರಳಿಗೆ ಸುತ್ತಿದ್ದ ಸೆರಗನ್ನು ಬಿಡಿಸಿದಳು. ಆಮೇಲೆ ಅಪ್ಪನ ಹೆಸರು ಹೇಳಿದಳು. ಊರಿನ ಹೆಸರು ಸೇರಿಸಿ, ಪೂರ್ತಿಯಾಗಿ, ಆಸ್ಪತ್ರೆಗೆಲ್ಲ ಕೇಳುವಷ್ಟು ಗಟ್ಟಿಯಾಗಿ.

"ಅವ್ರಿಗೆ ಏನೂ ಇಲ್ಲ. ಕಾಯಿಲೆ ನಂದು."

ಮದುವೆಯ ದಿನ ಹೊಸಿಲ ಮುಂದೆ ಅಡ್ಡಗಟ್ಟಿ ಹೆಸರು ಹೇಳಿಸಿದ್ದು ಬಿಟ್ಟರೆ, ಅವಳ ನಾಲಗೆಯ ಮೇಲೆ ಆ ಹೆಸರು ಬಂದದ್ದು ಅದೊಂದೇ ಸಲ. ಹೆಂಚು ಕಳಚಿ ಬೀಳುತ್ತದೆಂದು ಮೇಲೆ ನೋಡಿದೆ. ಏನೂ ಬೀಳಲಿಲ್ಲ. ಬಾಗಿಲ ಸಂದಿಯಲ್ಲಿ ಅಪ್ಪ ಕಾಣುತ್ತಿದ್ದರು. ಬೆಂಚಿನಿಂದ ಎದ್ದು, ತಮ್ಮನನ್ನು ಎದೆಗೆ ಒತ್ತಿಕೊಂಡು, ಸಾಹೇಬರು ಕೂಗಿದಾಗ ನಿಲ್ಲುವ ಹಾಗೆ ನೆಟ್ಟಗೆ ನಿಂತಿದ್ದರು.

ಡಾಕ್ಟರು ಈಗ ಅವ್ವನನ್ನು ನೋಡಿದರು. ಹತ್ತಿರ ಬಂದು ಅವಳ ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಲ್ಲಿ ಎಳೆದರು. ಒಳಗೆ ಎಳನೀರಿನ ಗಂಜಿಯಷ್ಟು ಬೆಳ್ಳಗಿತ್ತು. ಉಗುರು ನೋಡಿದರು, ನಾಲಗೆ ನೋಡಿದರು.

"ಯಾವಾಗಿನಿಂದ ಹೀಗೆ?"

"ಇವಳ ತಮ್ಮ ಹುಟ್ಟಿದಾಗಿಂದ."

"ಅವನಿಗೆಷ್ಟು ವಯಸ್ಸು?"

"ಬರೋ ವರ್ಷ ಇಸ್ಕೂಲಿಗೆ ಹಾಕ್ಬೇಕು."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನನ್ನನ್ನು ಹೊರಗೆ ಕಳಿಸಿ, ಆಸ್ಪತ್ರೆಯ ಆಯಾಳನ್ನು ಕರೆಸಿ, ಅವಳ ಮೂಲಕ ಏನೇನೋ ಕೇಳಿದರು. ತಿಂಗಳು ತಿಂಗಳೂ ಅವ್ವನ ಮೈಯಿಂದ ಎಷ್ಟು ರಕ್ತ ಹೋಗುತ್ತಿತ್ತು ಎನ್ನುವುದು ನನಗೆ ತಿಳಿದದ್ದು ನಾನು ದೊಡ್ಡವಳಾದ ಮೇಲೆ. ಅಪ್ಪನ ಮೈಯಲ್ಲಿ ಆ ಕಾಯಿಲೆ ಹುಡುಕಿದ್ದರೆ ಯಾವ ಡಾಕ್ಟರಿಗೆ ತಾನೇ ಸಿಗುತ್ತಿತ್ತು?

ಮತ್ತೆ ಒಳಗೆ ಕರೆದಾಗ ಡಾಕ್ಟರು ಹೇಳುತ್ತಿದ್ದರು, "ಮೈಯಲ್ಲಿ ರಕ್ತವೇ ಇಲ್ಲವಲ್ಲಮ್ಮ. ಇಲ್ಲಿಯವರೆಗೆ ಹೇಗೆ ನಡೆದು ಬಂದಿರಿ?"

"ಅಡಿಗೆ ಆಗಿತ್ತು ಸ್ವಾಮಿ. ಬಂದೆ."

ಅಪ್ಪನಿಗೆ ಸರಿಯಾಗಿ ಮಂಗಳಾರತಿಯಾಯಿತು. "ನಿಮ್ಮ ಪಿತ್ತಕ್ಕೆ ಅಂತ ಕೊಟ್ಟದ್ದನ್ನ ಇವರಿಗೆ ಕುಡಿಸಿದಿರೇನ್ರೀ!" ಎಂದು ಡಾಕ್ಟರು ಕೂಗಾಡಿದರು. ಸ್ಟಾಫ್ ಔಷಧಿ ಗಟ್ಟಿ ಇರುತ್ತದೆ ಅಂತ, ಎಂದು ಅಪ್ಪ ತೊದಲಿದರು. ಡಾಕ್ಟರು ಅವರನ್ನು ಮಗುವಿನ ಹಾಗೆ ತೋಳು ಹಿಡಿದು ಔಷಧಿ ಕೋಣೆಗೆ ಕರೆದೊಯ್ದು, ಎಲ್ಲರ ಬಾಟಲಿಗೂ ಬಗ್ಗಿಸುತ್ತಿದ್ದ ದೊಡ್ಡ ಜಾಡಿಗಳನ್ನು ತೋರಿಸಿದರು. ಸ್ಟಾಫಿಗೆಂದು ಬೇರೆ ಜಾಡಿ ಇರಲಿಲ್ಲ. ಬೆಂಚಿನ ಮೇಲಿದ್ದವರೆಲ್ಲ ಕತ್ತು ಚಾಚಿ ನೋಡಿದರು.

ಅವ್ವನಿಗೆ ಕಬ್ಬಿಣದ ಔಷಧಿ ಕೊಟ್ಟರು. ಕಂದು ಬಣ್ಣದ್ದು, ಹಲ್ಲಿಗೆ ತಾಗಿದರೆ ಕಪ್ಪಾಗುತ್ತದೆ, ನಾಲಗೆಯ ಹಿಂಭಾಗಕ್ಕೆ ಸುರಿದುಕೊಳ್ಳಬೇಕು. "ಕಬ್ಬಿಣ ತಿನ್ನೋ ಇಂಜಿನ್ ಇದು, ದೂರ ನಿಲ್ರಪ್ಪ" ಎಂದು ಅಪ್ಪ ರೇಗಿಸುತ್ತಿದ್ದರು. ಡಾಕ್ಟರು ಕೊಟ್ಟ ಚೀಟಿ ಹಿಡಿದು ಅಪ್ಪ ಅವ್ವ ಇಬ್ಬರೂ ಹಾಸನಕ್ಕೂ ಹೋಗಿ ಬಂದರು, ಅಲ್ಲಿನ ಲೇಡಿ ಡಾಕ್ಟರು ನೋಡಿ ರಕ್ತ ಹೋಗುವುದನ್ನು ನಿಲ್ಲಿಸಿದರು. ಅಪ್ಪ ಫಿಟ್ ಆಗಿ ಇಂಜಿನ್ ಹತ್ತಿದರು. ಆ ದಿನದ ಸೀಟಿ ಗಿಡ್ಡದಾಗಿರಲಿಲ್ಲ, ಲೈನಿನ ನಾಯಿಗಳೆಲ್ಲ ಎದ್ದು ಬೊಗಳಿದವು.

ಕೆರೆ ಸ್ವಲ್ಪ ಸ್ವಲ್ಪವಾಗಿ ಇಳಿಯಿತು. ಮೊದಲು ಬೆಳ್ಳಕ್ಕಿ ಹೋಯಿತು, ಆಮೇಲೆ ಆಚೆಯ ದಡ. ಚಳಿಗಾಲ ಕಳೆಯುವ ಹೊತ್ತಿಗೆ ಅವ್ವ ಒಲೆಯ ಮುಂದಿನಿಂದ ಎದ್ದರೆ ಎದ್ದಳು ಅಷ್ಟೇ. ನಾನು ಆಸೆ ಬಿಡದೆ ಚಾಪೆ ಹಿಡಿದು ನಿಲ್ಲುತ್ತಿದ್ದೆ. "ನೆಲ ನೆಲವಾಗೇ ಐತೆ ಕಣೇ" ಎಂದು ಅವಳು ನಗುತ್ತಿದ್ದಳು. ಆ ನಗುವಿನಲ್ಲಿ ಸ್ವಲ್ಪ ಬೇಸರವೂ ಇತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಬೇಸಗೆ ರಜೆಗೆ ನಾವೆಲ್ಲ ಹಳೇಬೀಡಿಗೆ ಹೋದೆವು. ಬೇಲೂರು ಬಸ್ಸಿನಿಂದ ಇಳಿದವಳೇ ಅವ್ವ ಚೀಲವನ್ನು ಅಪ್ಪನ ಕೈಗೆ ಕೊಟ್ಟು ನೇರ ಕೆರೆಯ ಹತ್ತಿರ ನಡೆದಳು. ಸಂಜೆಯ ಬಿಸಿಲು. ನೀರು ದೂರ ಸರಿದಿತ್ತು. ಎಮ್ಮೆಗಳು ಕೆಸರಲ್ಲಿ ಮಲಗಿದ್ದವು. ಅವ್ವ ಬಹಳ ಹೊತ್ತು ನಿಂತು ನೋಡಿದಳು. "ಇಷ್ಟೇ ಇತ್ತಾ?" ಎಂದಳು. ನನಗೂ ಹಾಗೇ ಅನ್ನಿಸಿತ್ತು. ನಮ್ಮ ಮನೆಗೆ ಬರುತ್ತಿದ್ದ ಕೆರೆ ಇದಕ್ಕಿಂತ ದೊಡ್ಡದಾಗಿತ್ತು.

ನಮ್ಮನ್ನು ಕಂಡು ಅಜ್ಜಿ ಹಿತ್ತಿಲ ಒಗೆಯುವ ಕಲ್ಲಿನ ಬಳಿಯಿಂದ ಎದ್ದಳು. ಎದ್ದವಳು ಹಾಗೇ ನಿಂತಳು. ಕಣ್ಣು ಅರ್ಧ ಮುಚ್ಚಿತು, ಕೈ ಗೋಡೆಯನ್ನು ಹುಡುಕಿತು. "ತಡೀರೇ, ಬಂದೆ" ಎಂದಳು, ಎಲ್ಲೋ ದೂರದಿಂದ.

ಅವ್ವ ಓಡಿದಳು. ಅಜ್ಜಿಯನ್ನು ಕೂರಿಸಿ, ಮಾತಿಗಿಂತ ಮೊದಲು ಹೆಬ್ಬೆರಳಿಂದ ಅವಳ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿದಳು. ನಾನೂ ಬಗ್ಗಿ ನೋಡಿದೆ. ಬೆಳ್ಳಗಿತ್ತು.

ಬೇಲೂರಿನ ಆಸ್ಪತ್ರೆಗೆ ಕರೆದೊಯ್ಯಲು ಆ ಮನೆಯಲ್ಲಿ ಗಂಡಸರಿರಲಿಲ್ಲ. ಎಮ್ಮೆಯನ್ನು ತನ್ನ ತಂಗಿ ಒಬ್ಬಳ ಮೇಲೇ ಬಿಟ್ಟು ನಮ್ಮ ಜೊತೆ ಬಂದಿರಲು ಅಜ್ಜಿ ಒಪ್ಪಲಿಲ್ಲ. ಅವ್ವ ಅಪ್ಪನನ್ನು ಕೇಳಿದಳು, ನಿಮ್ಮ ಆಸ್ಪತ್ರೆಯಿಂದ ಔಷಧಿ ತರಬಹುದಲ್ಲ ಎಂದು. ಅಪ್ಪ ತಲೆ ಕೆರೆದುಕೊಂಡರು.

"ಆಗಲ್ಲ ಕಣೇ. ನಮ್ಮವ್ವ ಆದ್ರೆ ಫ್ಯಾಮಿಲಿ. ನಿಮ್ಮವ್ವ ಆಗಲ್ಲ. ರೂಲ್ಸು ಹಂಗೈತೆ."

ಅಪ್ಪನ ತಾಯಿ ಸಾಯುವವರೆಗೂ ನಮ್ಮ ಜೊತೆಯೇ ಇದ್ದರು. ಅವರ ಕೆಮ್ಮಿಗೆ ಅದೇ ಕಿಟಕಿಯಿಂದ ವರ್ಷಗಟ್ಟಲೆ ಬಾಟಲಿ ಬಂದಿತ್ತು. ಆ ಬಾಟಲಿಗಳನ್ನು ತೊಳೆದು ಕೊಡುತ್ತಿದ್ದದ್ದು ಅವ್ವ. ಅವಳು ಕೂಗಾಡುವ ಹೆಂಗಸಲ್ಲ. ಆದರೆ ಆ ದಿನ ಅವಳ ಮೂಗಿನ ಹೊಳ್ಳೆ ಅರಳಿತು.

"ನಮ್ಮವ್ವ ನನ್ನ ಹೆತ್ತಿದ್ದಕ್ಕೇ ಅಲ್ವೇನ್ರೀ ನಿಮಗೆ ಫ್ಯಾಮಿಲಿ ಅಂತ ಒಂದು ಆಗಿದ್ದು?"

ಅಪ್ಪ ಎದ್ದು ಎಮ್ಮೆಗೆ ಹುಲ್ಲು ಹಾಕಲು ಹೋದರು.

ಅರಸೀಕೆರೆಗೆ ಮರಳಿದ ಮೇಲೆ ಅವ್ವ ಒಂದು ದೊಡ್ಡ ಬಾಟಲಿ ಹುಡುಕಿ, ಬೂದಿ ಹಾಕಿ ತಿಕ್ಕಿ ತೊಳೆದಳು. ಅಪ್ಪ ಡ್ಯೂಟಿಗೆ ಹೋಗಿದ್ದರು. "ಬಾರೇ" ಎಂದು ನನ್ನನ್ನು ಕರೆದುಕೊಂಡು ಹೊರಟಳು. ಈ ಸಲ ನನ್ನ ಭುಜ ಹಿಡಿಯಲಿಲ್ಲ, ನನಗಿಂತ ಬೇಗ ಬೇಗ ನಡೆದಳು. ಕಿಟಕಿಯಲ್ಲಿ ಅಪ್ಪನ ಹೆಸರು ನಾನೇ ಹೇಳಿದೆ.

ಡಾಕ್ಟರು ನಕ್ಕರು. "ಚೆನ್ನಾಗಿದೀರಲ್ಲಮ್ಮ ಈಗ. ಏನು ತೊಂದರೆ?"

"ಕೆರೆ ಬತ್ತೈತೆ ಸ್ವಾಮಿ."

ಅವರು ಎದ್ದು ಬಂದು ರೆಪ್ಪೆ ಎಳೆದು ನೋಡಿದರು. ಕೆಂಪಗಿತ್ತು. ಉಗುರು ನೋಡಿದರು. ಅದೂ ಕೆಂಪು. ನಾನು ಅವ್ವನ ಸೆರಗು ಎಳೆದೆ. ಸುಳ್ಳು ಹೇಳಲು ಬಾರದ ನಮ್ಮ ಅವ್ವ ಬಾಗಿಲ ಕಡೆ ನೋಡುತ್ತಾ, ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು.

"ಎಲ್ಲಿ ಬರುತ್ತಮ್ಮ ಕೆರೆ?" ಎಂದು ಡಾಕ್ಟರು ಕೇಳಿದರು. ಮುಂಗೋಪದ ದನಿಯಲ್ಲ.

"ಹಳೇಬೀಡ್ನಾಗೆ."

ಬೇವಿನ ನೆರಳು ಗೋಡೆಯ ಮೇಲೆ ಅಲುಗುತ್ತಲೇ ಇತ್ತು. ಡಾಕ್ಟರು ಕುರ್ಚಿಗೆ ಹೋಗಿ ಕೂತರು. ಚೀಟಿ ಎಳೆದುಕೊಂಡು ಬರೆದರು. ಕಾಂಪೌಂಡರನ್ನು ಕೂಗಿ, "ಇವರಿಗೆ ಕಬ್ಬಿಣದ್ದು ಕೊಡಪ್ಪ. ಬಾಟಲಿ ತುಂಬ" ಎಂದರು. ನಾವು ಹೊರಡುವಾಗ ತಲೆಯೆತ್ತದೆ ಹೇಳಿದರು, "ಹಲ್ಲಿಗೆ ತಾಗದ ಹಾಗೆ ಕುಡೀಬೇಕು ಅಂತ ಹೇಳಿ ಅವರಿಗೆ."

ಹೇಳಿಬಿಟ್ಟು ತುಟಿ ಕಚ್ಚಿಕೊಂಡರು. ಅವ್ವ ಕೈ ಮುಗಿದಳು.

ಅಲ್ಲಿಂದ ನೇರ ಬಸ್ ಸ್ಟ್ಯಾಂಡಿಗೆ ಹೋದೆವು. ಬೇಲೂರು ಬಸ್ಸು ಹೊರಡುವುದರಲ್ಲಿತ್ತು. ಅವ್ವ ಬಾಟಲಿಗೆ ಬಟ್ಟೆ ಸುತ್ತಿ ಕಂಡಕ್ಟರ್ ಕೈಗೆ ಕೊಟ್ಟಳು, ಹಳೇಬೀಡಿನಲ್ಲಿ ಇಳಿಸಿ ಹೋಟೆಲಿನವರ ಹತ್ತಿರ ಕೊಡಪ್ಪ, ಹಾಲು ಹಾಕಲು ಬಂದಾಗ ಇಸ್ಕೋತಾರೆ ಎಂದಳು. ಅವನು ಅದನ್ನು ಸೀಟಿನ ಕೆಳಗೆ ಭದ್ರವಾಗಿ ಇಟ್ಟು, "ಯಾರಿಗೆ ಅಂತ ಹೇಳ್ಲಮ್ಮ? ಹೆಸರು?" ಎಂದು ಕೇಳಿದ.

ಅಭ್ಯಾಸ ನೋಡಿ, ನಾನು ಬಾಯಿ ತೆರೆದೆ. ಅವ್ವ ನನ್ನ ಬಾಯಿಯ ಮೇಲೆ ಕೈಯಿಟ್ಟಳು. ಬಸ್ಸಿನ ಸದ್ದನ್ನೂ ಮೀರಿ ತನ್ನ ತಾಯಿಯ ಹೆಸರನ್ನು ತಾನೇ ಕೂಗಿ ಹೇಳಿದಳು.